ಅಪ್ಪನ ಇಂಕು ಪೆನ್ನು ಕಕ್ಕುತ್ತಿದೆ: ರಿಪೇರಿ ಹೇಗೆ, ಖರ್ಚೆಷ್ಟು?

ಪ್ರಶ್ನೆ: ತಂದೆಯವರು ಬಳಸುತ್ತಿದ್ದ ಎರಡು ಇಂಕು ಪೆನ್ನುಗಳು ನನ್ನ ಹತ್ತಿರ ಇವೆ. ಒಂದು ಡ್ರಾಪರ್‌ನಿಂದ ಇಂಕು ಹಾಕುವ ದಪ್ಪನೆಯ ಕಪ್ಪು ಪೆನ್ನು. ತುಂಬಿಸಿದ ದಿನ ಚೆನ್ನಾಗಿಯೇ ಬರೆಯುತ್ತದೆ. ಇಂಕು ಅರ್ಧಕ್ಕಿಂತ ಕೆಳಗಿಳಿದ ಮೇಲೆ ಹಾಳೆಯ ಮೇಲೆ ತೊಟ್ಟು ಬೀಳಿಸುತ್ತದೆ, ಬೆರಳಿಗೂ ಮೆತ್ತುತ್ತದೆ. ಇನ್ನೊಂದು ನಿಬ್ಬು ಮುಚ್ಚಿಕೊಂಡಿರುವ, ಹಿಂದೆ ಒತ್ತಿ ಇಂಕು ಎಳೆಯುವ ಹೀರೋ ಪೆನ್ನು. ಅದು ಸರಿಯಾಗಿ ಎಳೆಯುವುದೇ ಇಲ್ಲ, ಎಳೆದಷ್ಟು ಕ್ಯಾಪಿನೊಳಗೆ ಸೋರಿರುತ್ತದೆ. ಅಂಗಡಿಯವರು ‘ಹೊಸದೇ ತಗೊಳ್ಳಿ’ ಅಂದರು. ಇವು ರಿಪೇರಿ ಆಗುತ್ತವೆಯೇ? ಮನೆಯಲ್ಲೇ ಮಾಡಿಕೊಳ್ಳಬಹುದೇ? ಎಷ್ಟು ಖರ್ಚಾದೀತು? (ಶಿವಮೊಗ್ಗದ ಓದುಗರು)

ಉತ್ತರ: ಎರಡೂ ರಿಪೇರಿ ಆಗುತ್ತವೆ. ನೀವು ಹೇಳಿದ ಲಕ್ಷಣ ನೋಡಿದರೆ ಡ್ರಾಪರ್ ಪೆನ್ನಿಗೆ ಹೊಸ ಬಿಡಿಭಾಗ ಬೇಕಾಗುವ ಸಂಭವ ಕಡಿಮೆ. ತೊಳೆದು, ತಿರುಗಿಸಿ ಬಿಗಿಯುವ ಥ್ರೆಡ್ಡಿಗೆ ಸಿಲಿಕೋನ್ ಗ್ರೀಸು ಹಚ್ಚಿ, ನಿಬ್ಬನ್ನು ಸರಿಯಾಗಿ ಕೂರಿಸಿದರೆ ಇನ್ನೂರು ಮುನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯಬಹುದು. ಹೀರೋ ಪೆನ್ನಿನ ಇಂಕು ಚೀಲ ಹೋಗಿರುವ ಹಾಗಿದೆ. ಅದನ್ನು ಬದಲಿಸಬಹುದು, ಆದರೆ ಖರ್ಚು ಆ ಪೆನ್ನಿನ ಬೆಲೆಯನ್ನು ದಾಟಿದರೂ ದಾಟೀತು. ಸದ್ಯಕ್ಕೆ ಒಂದೇ ಕೋರಿಕೆ: ಫೆವಿಕ್ವಿಕ್ಕನ್ನು ಎರಡರ ಹತ್ತಿರಕ್ಕೂ ತರಬೇಡಿ. ಸೋರುವ ಪೆನ್ನು ರಿಪೇರಿ ಆಗುತ್ತದೆ, ಅಂಟು ಹಾಕಿ ಬಿಗಿದ ಪೆನ್ನನ್ನು ಬಿಚ್ಚಲೂ ಆಗುವುದಿಲ್ಲ.

ಮುಂದೆ ಬರುವ ಹೆಸರುಗಳಲ್ಲಿ ಗೊಂದಲ ಬೇಡ. ಇಂಕು ನಿಲ್ಲುವ ಹಿಂಭಾಗ ಕೊಳವೆ. ಬೆರಳು ಹಿಡಿಯುವ ಮುಂಭಾಗ ಕತ್ತು. ನಿಬ್ಬಿಗೆ ಕೆಳಗಿನಿಂದ ಅಂಟಿಕೊಂಡಿರುವ ಕಪ್ಪು ನಾಲಿಗೆಯಂಥ ತುಂಡು ಫೀಡ್. ಅದರ ಮೇಲ್ಮೈಯಲ್ಲಿ ಕೂದಲಿನಷ್ಟು ಸಣ್ಣ ಗೀರು ಇರುತ್ತದೆ. ಇಂಕು ಹೊರಗೆ ಬರುವುದೂ ಗಾಳಿ ಒಳಗೆ ಹೋಗುವುದೂ ಅದೇ ದಾರಿಯಲ್ಲಿ.

ಸೋರುವುದು ಎಲ್ಲಿ, ಕಾರಣ ಎಲ್ಲಿ

ಹೆಚ್ಚಿನವರು ಎಡವುವುದು ಇಲ್ಲೇ. ಇಂಕು ನಿಬ್ಬಿನಿಂದ ಬೀಳುತ್ತದೆ, ಆದ್ದರಿಂದ ನಿಬ್ಬೇ ಕೆಟ್ಟಿದೆ ಎಂದುಕೊಂಡು ನಿಬ್ಬು ಬದಲಿಸುತ್ತಾರೆ. ಹೊಸ ನಿಬ್ಬೂ ಸೋರುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾದ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ಒಳಗಿನ ನೀರು ನಿಲ್ಲುತ್ತದೆ, ಬೆರಳು ಸಡಿಲಿಸಿದರೆ ಸುರಿಯುತ್ತದೆ. ಪೆನ್ನಿನೊಳಗೆ ಇಂಕು ನಿಲ್ಲುವುದೂ ಹಾಗೆಯೇ. ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದಿಷ್ಟು ಕಡಿಮೆ ಇರಬೇಕು, ಗಾಳಿ ಫೀಡಿನ ದಾರಿ ಬಿಟ್ಟು ಬೇರೆಲ್ಲೂ ನುಗ್ಗಬಾರದು. ಕತ್ತು ಮತ್ತು ಕೊಳವೆ ಸೇರುವ ಥ್ರೆಡ್ಡಿನಲ್ಲೋ, ಕೊಳವೆಯ ಹಿಂತುದಿಯ ಕೂದಲೆಳೆ ಬಿರುಕಿನಲ್ಲೋ ಗಾಳಿ ಒಳಸೇರಿದರೆ ಇಂಕು ಮುಂದಿನಿಂದ ಇಳಿಯುತ್ತದೆ.

ನಿಮ್ಮ ಪೆನ್ನು ಇಂಕು ಅರ್ಧವಾದ ಮೇಲೆ ಕಕ್ಕುವುದಕ್ಕೆ ಇನ್ನೊಂದು ಕಾರಣವೂ ಸೇರಿದೆ, ಅದು ಶಾಖ. ಕೊಳವೆಯ ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ. ಕೈಯ ಬಿಸಿ ತಗುಲಿದರೆ ಗಾಳಿ ಹಿಗ್ಗಿ ಇಂಕನ್ನು ಮುಂದಕ್ಕೆ ದೂಡುತ್ತದೆ. ಲೆಕ್ಕ ಹಾಕಿ ನೋಡಿ: ಕೊಳವೆಯಲ್ಲಿ 2.5 ಮಿ.ಲೀ. ಗಾಳಿ ಇದ್ದು ಅದರ ಶಾಖ 25ರಿಂದ 33 ಡಿಗ್ರಿಗೆ ಏರಿದರೆ ಹಿಗ್ಗುವ ಪ್ರಮಾಣ ಸುಮಾರು 0.07 ಮಿ.ಲೀ. ಇಂಕಿನ ಒಂದು ತೊಟ್ಟು ಹೆಚ್ಚುಕಡಿಮೆ 0.05 ಮಿ.ಲೀ. ಅಂದರೆ ಒಂದು ತೊಟ್ಟು ಹಾಳೆಯ ಮೇಲೆ ಬೀಳುವುದಕ್ಕೆ ಅಷ್ಟೇ ಸಾಕು. ಅದೇ ಪೆನ್ನು ಬಹುತೇಕ ತುಂಬಿದ್ದು ಗಾಳಿ 0.7 ಮಿ.ಲೀ. ಮಾತ್ರ ಇದ್ದರೆ ಹೊರಬರುವುದು ಅರ್ಧ ತೊಟ್ಟಿಗಿಂತ ಕಡಿಮೆ, ಅಷ್ಟನ್ನು ಫೀಡಿನ ಗೀರುಗಳೇ ಹಿಡಿದುಕೊಳ್ಳುತ್ತವೆ. ತುಂಬಿದ ದಿನ ಚೆನ್ನಾಗಿ ಬರೆದು ಆಮೇಲೆ ಕಕ್ಕುವ ಗುಟ್ಟು ಇದು. ಪೆನ್ನು ಹೊಸದಿದ್ದರೂ ಡ್ರಾಪರ್ ಪೆನ್ನುಗಳಿಗೆ ಈ ಗುಣ ಇದ್ದದ್ದೇ. ರಿಪೇರಿಯಿಂದ ಕಡಿಮೆ ಮಾಡಬಹುದು, ಪೂರ್ತಿ ಅಳಿಸಲಾಗದು.

ಆದರೆ ಬೆರಳಿಗೆ ಮೆತ್ತುವುದು ಶಾಖದ ಕಾರಣಕ್ಕಲ್ಲ. ಇಂಕು ಥ್ರೆಡ್ಡಿನಿಂದ ಒಸರುತ್ತಿರಬೇಕು, ಇಲ್ಲವೇ ಕತ್ತಿನಲ್ಲಿ ಬಿರುಕಿರಬೇಕು. ಯಾವುದೆಂದು ದುಡ್ಡು ಖರ್ಚು ಮಾಡುವ ಮೊದಲೇ ತಿಳಿಯಬಹುದು.

ಮೊದಲು ತೊಳೆಯುವುದು

ಪೆನ್ನು ಬಿಚ್ಚಿ, ಇಂಕು ಚೆಲ್ಲಿ, ಕತ್ತನ್ನು ನಿಬ್ಬಿನ ಸಮೇತ ತಣ್ಣೀರಿನ ಲೋಟದಲ್ಲಿ ಒಂದು ರಾತ್ರಿ ನೆನೆಯಲು ಬಿಡಿ. ಬಿಸಿನೀರು ಬೇಡ. ದಪ್ಪನೆಯ ಕಪ್ಪು ಡ್ರಾಪರ್ ಪೆನ್ನು ಎಂದರೆ ಅದು ಎಬೊನೈಟ್ ಆಗಿರುವ ಸಾಧ್ಯತೆ ಹೆಚ್ಚು. ರಬ್ಬರಿಗೆ ಧಾರಾಳವಾಗಿ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು ಅದು. ಬಿಸಿನೀರು ಮತ್ತು ಬಿಸಿಲು ತಗುಲಿದರೆ ಕಪ್ಪು ಹೋಗಿ ಕಂದು ಬಣ್ಣಕ್ಕೋ ಪಾಚಿ ಬಣ್ಣಕ್ಕೋ ತಿರುಗುತ್ತದೆ. ಎಬೊನೈಟ್ ಹೌದೋ ಅಲ್ಲವೋ ಎಂದು ತಿಳಿಯಲು ಕೊಳವೆಯನ್ನು ಒಣ ಬಟ್ಟೆಯಿಂದ ಜೋರಾಗಿ ಉಜ್ಜಿ, ಬಿಸಿಯಾದ ಕೂಡಲೇ ಮೂಸಿ. ಗಂಧಕದ ವಾಸನೆ ಬಂದರೆ ಎಬೊನೈಟ್. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಆಗ ಅದರ ಹತ್ತಿರ ಬೆಂಕಿಯನ್ನಾಗಲಿ ಹೇರ್ ಡ್ರೈಯರನ್ನಾಗಲಿ ತರಲೇಬಾರದು, ಧಗ್ಗನೆ ಹೊತ್ತಿಕೊಳ್ಳುವ ವಸ್ತು. ಯಾವ ವಾಸನೆಯೂ ಇಲ್ಲವಾದರೆ ಬೇರಾವುದೋ ಪ್ಲಾಸ್ಟಿಕ್.

ಮರುದಿನ ಔಷಧಿ ಅಂಗಡಿಯಲ್ಲಿ ಸಿಗುವ, ಕಿವಿ ತೊಳೆಯುವ ರಬ್ಬರ್ ಬಲ್ಬಿನಿಂದ ಕತ್ತಿನ ಹಿಂಭಾಗಕ್ಕೆ ನೀರು ಒತ್ತಿ. ಮೊದಲು ಕಡು ನೀಲಿ ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ಒಗೆದ ಬಿಳಿ ಬಟ್ಟೆಗೆ ನಿಬ್ಬು ಒತ್ತಿದಾಗ ಬಣ್ಣ ಹತ್ತದಂತಾಗುವವರೆಗೆ ಬಿಡಬೇಡಿ. ಇಂಕು ಕಲ್ಲಾಗಿ ಕೂತಿದ್ದರೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆ ಬಳಕೆಯ ಅಮೋನಿಯಾ ದ್ರಾವಣ, ಒಂದೇ ಹನಿ ಪಾತ್ರೆ ತೊಳೆಯುವ ದ್ರಾವಣ ಸೇರಿಸಿ ಹದಿನೈದು ಇಪ್ಪತ್ತು ನಿಮಿಷ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಹಿತ್ತಾಳೆ, ಅಲ್ಯುಮಿನಿಯಂ ಭಾಗಗಳನ್ನು ಅಮೋನಿಯಾ ತಿನ್ನುತ್ತದೆ. ಸ್ಪಿರಿಟ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಯಾವುದೂ ಪೆನ್ನಿಗೆ ಆಗದು, ಹಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತವೆ ಇಲ್ಲವೇ ಬಿರುಕು ಬಿಡಿಸುತ್ತವೆ.

ಕೊನೆಗೆ ಬರಿಯ ನೀರಿನಲ್ಲಿ ಐದಾರು ಸಲ ತೊಳೆಯುವುದನ್ನು ಮರೆಯಬೇಡಿ. ಸೋಪಿನ ಅಂಶ ಒಳಗೆ ಉಳಿದರೆ ಇಂಕಿನ ಮೇಲ್ಮೈ ಸೆಳೆತ ಕಡಿಮೆಯಾಗಿ ಅದು ಫೀಡಿನಲ್ಲಿ ನಿಲ್ಲದೆ ಜಾರುತ್ತದೆ. ‘ತೊಳೆದ ಮೇಲೆ ಇನ್ನೂ ಹೆಚ್ಚು ಸೋರುತ್ತಿದೆ’ ಎಂಬ ದೂರುಗಳಲ್ಲಿ ಕೆಲವಕ್ಕೆ ಕಾರಣ ಇಷ್ಟೇ.

ನೀರಿನ ಪರೀಕ್ಷೆ

ಈಗ ಕೊಳವೆಗೆ ಇಂಕಿನ ಬದಲು ನೀರು ಹಾಕಿ, ಅರ್ಧದಷ್ಟು ಸಾಕು. ಕತ್ತು ತಿರುಗಿಸಿ ಬಿಗಿ ಮಾಡಿ, ಹೊರಗೆಲ್ಲ ಒರೆಸಿ ಒಣಗಿಸಿ. ಸೇರುವ ಜಾಗಕ್ಕೆ ಟಿಶ್ಯೂ ಕಾಗದದ ಪಟ್ಟಿ ಸುತ್ತಿ, ಪೆನ್ನನ್ನು ನಿಬ್ಬು ಕೆಳಗಾಗಿ ಖಾಲಿ ಲೋಟದಲ್ಲಿ ಅರ್ಧ ಗಂಟೆ ನಿಲ್ಲಿಸಿ. ಲೋಟದ ತಳದಲ್ಲೂ ಒಂದು ಟಿಶ್ಯೂ ಇರಲಿ, ನಿಬ್ಬು ಅದಕ್ಕೆ ತಾಗಬಾರದು. ಕೈ ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ.

ಸುತ್ತಿದ ಪಟ್ಟಿ ಒದ್ದೆಯಾದರೆ ಥ್ರೆಡ್ಡು ಒಸರುತ್ತಿದೆ. ಪಟ್ಟಿ ಒಣಗಿದ್ದು ಕೆಳಗಿನ ಟಿಶ್ಯೂ ಒದ್ದೆಯಾದರೆ ಎರಡು ಸಾಧ್ಯತೆ: ಗಾಳಿ ಎಲ್ಲೋ ನುಗ್ಗುತ್ತಿದೆ, ಅಥವಾ ನಿಬ್ಬು ಫೀಡುಗಳ ನಡುವೆ ಸಂದು ಬಿಟ್ಟಿದೆ. ಇವೆರಡನ್ನು ಬೇರೆ ಮಾಡುವುದು ಸುಲಭ. ಥ್ರೆಡ್ಡಿಗೆ ಗ್ರೀಸು ಹಚ್ಚಿ ಮತ್ತೆ ಅದೇ ಪರೀಕ್ಷೆ ಮಾಡಿ. ನಿಂತರೆ ಥ್ರೆಡ್ಡಿನದೇ ತಪ್ಪು. ನಿಲ್ಲದಿದ್ದರೆ ಕೊಳವೆಯನ್ನು ನೋಡಬೇಕು: ಅದರ ತುಂಬ ನೀರು ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಹೊರಗೆ ಒರೆಸಿ, ಹಿಂತುದಿಯನ್ನೂ ಥ್ರೆಡ್ಡಿನ ಸುತ್ತಲನ್ನೂ ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ತೆಳ್ಳನೆಯ ಒದ್ದೆ ಗೆರೆ ಕಾಣುತ್ತದೆ. ಕೆಲವು ಹಳೆಯ ಪೆನ್ನುಗಳ ಹಿಂತುದಿ ಬೇರೆ ತುಂಡಾಗಿ ಸೇರಿಸಿದ್ದಾಗಿರುತ್ತದೆ, ಆ ಜೋಡಣೆಯೇ ಬಿಟ್ಟುಕೊಂಡಿರುವುದೂ ಉಂಟು. ಕೊಳವೆ ಗಟ್ಟಿಯಾಗಿದ್ದರೆ ಉಳಿದದ್ದು ನಿಬ್ಬು ಮತ್ತು ಫೀಡ್.

ಥ್ರೆಡ್ಡು ಮತ್ತು ಗ್ರೀಸು

ಬೇಕಾದದ್ದು ಶುದ್ಧ ಸಿಲಿಕೋನ್ ಗ್ರೀಸು. ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಐದು ಹತ್ತು ಗ್ರಾಂ ಡಬ್ಬಿ ಸಿಗುತ್ತದೆ. ಸಾಸಿವೆ ಕಾಳಿನಷ್ಟು ಸಾಕು. ಕತ್ತಿನ ಥ್ರೆಡ್ಡು ಪೂರ್ತಿ ಒಣಗಿರಬೇಕು. ಹಲ್ಲುಕಡ್ಡಿಯಿಂದ ಗ್ರೀಸನ್ನು ಥ್ರೆಡ್ಡಿನ ಬುಡದ ಕಡೆ, ಅಂದರೆ ಬೆರಳು ಹಿಡಿಯುವ ಜಾಗದ ಪಕ್ಕದ ಎರಡು ಮೂರು ಸುತ್ತಿಗೆ ಹಚ್ಚಿ. ತುದಿಯ ಕಡೆ ಮೆತ್ತಿದರೆ ಗ್ರೀಸು ಇಂಕಿನೊಳಗೆ ಹೋಗಿ ಫೀಡಿನ ಗೀರಿಗೆ ಅಂಟಿ, ಸೋರುವ ಪೆನ್ನು ಬರೆಯದ ಪೆನ್ನಾಗುತ್ತದೆ. ತಿರುಗಿಸಿ ಬಿಗಿ ಮಾಡಿದಾಗ ಹೊರಗೆ ಉಕ್ಕಿದ್ದನ್ನು ಒರೆಸಿ. ನಾಲ್ಕೈದು ಸಲ ಇಂಕು ತುಂಬಿದ ಮೇಲೆ ಹಳೆಯ ಗ್ರೀಸು ಒರೆಸಿ ಹೊಸದು ಹಚ್ಚಿದರೆ ಸಾಕು.

ವ್ಯಾಸಲೀನ್ ಹಚ್ಚಿದರೂ ಆಗುತ್ತದೆ ಎನ್ನುವವರಿದ್ದಾರೆ. ಒಂದು ವಾರ ಆಗುತ್ತದೆ ನಿಜ. ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಬಿಸಿಗೆ ಕರಗಿ ಇಂಕಿಗೂ ಸೇರುತ್ತದೆ. ಹಿಂದೆಲ್ಲ ಶಾಲೆಗಳಲ್ಲಿ ಥ್ರೆಡ್ಡಿಗೆ ಹತ್ತಿ ನೂಲು ಸುತ್ತುತ್ತಿದ್ದರು. ನೂಲು ಬತ್ತಿಯ ಕೆಲಸ ಮಾಡಿ ಇಂಕನ್ನು ತಾನೇ ಹೊರಗೆಳೆಯುತ್ತದೆ. ಅದಕ್ಕಿಂತ ಜೇನುಮೇಣ ಸವರುವುದು ಎಷ್ಟೋ ವಾಸಿ.

ಥ್ರೆಡ್ಡು ತೀರಾ ಸವೆದು ಕತ್ತು ಅಲುಗಾಡುವ ಹಾಗಿದ್ದರೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಒಂದೇ ಸುತ್ತು, ಕತ್ತು ಬಿಗಿ ಮಾಡುವಾಗ ಬಿಚ್ಚಿಕೊಳ್ಳದ ದಿಕ್ಕಿನಲ್ಲಿ, ಎಳೆದು ಸುತ್ತಿ. ಎರಡು ಮೂರು ಸುತ್ತು ಹಾಕಿ ಬಲವಂತ ಮಾಡಿದರೆ ಕೊಳವೆಯ ಬಾಯಿ ಸೀಳುತ್ತದೆ. ಕತ್ತಿನ ಬುಡದಲ್ಲಿ ಸಪಾಟು ಜಾಗ ಇದ್ದರೆ ಸಣ್ಣ ಓ-ರಿಂಗ್ ಕೂರಿಸುವುದು ಇನ್ನೂ ಒಳ್ಳೆಯದು. ವರ್ನಿಯರ್‌ನಲ್ಲಿ ಥ್ರೆಡ್ಡಿನ ಹೊರ ಅಳತೆ ತೆಗೆದುಕೊಂಡು, ಅದಕ್ಕಿಂತ ಅರ್ಧ ಮಿ.ಮೀ. ಚಿಕ್ಕ ಒಳವ್ಯಾಸದ, ಒಂದು ಮಿ.ಮೀ. ದಪ್ಪದ ರಿಂಗ್ ಕೇಳಿ. ರಿಂಗ್ ಹಾಕಿದ ಮೇಲೆ ಕತ್ತು ಮತ್ತು ಕೊಳವೆ ನಡುವೆ ಕಣ್ಣಿಗೆ ಕಾಣುವ ಸಂದು ಉಳಿದರೆ ರಿಂಗ್ ದಪ್ಪವಾಯಿತು ಎಂದೇ ಅರ್ಥ.

ನಿಬ್ಬು, ಫೀಡ್

ನಮ್ಮ ದೇಶದ ಡ್ರಾಪರ್ ಪೆನ್ನುಗಳಲ್ಲಿ ಬಹುತೇಕ ನಿಬ್ಬು ಮತ್ತು ಫೀಡ್ ಕತ್ತಿನೊಳಗೆ ಬಿಗಿಯಾಗಿ ತುರುಕಿದ್ದು, ಅಂಟು ಇರುವುದಿಲ್ಲ. ಒಂದು ರಾತ್ರಿ ನೆನೆದ ಮೇಲೆ ಸೈಕಲ್ ಟ್ಯೂಬಿನ ತುಂಡಿನಿಂದ ನಿಬ್ಬು ಮತ್ತು ಫೀಡನ್ನು ಒಟ್ಟಿಗೆ ಹಿಡಿದು, ತಿರುಚದೆ, ನೇರವಾಗಿ ಎಳೆಯಿರಿ. ಹಿಡಿತ ನಿಬ್ಬಿನ ಭುಜದ ಮೇಲಿರಬೇಕು, ತುದಿಯ ಮೇಲಲ್ಲ. ಬರದಿದ್ದರೆ ಇನ್ನೊಂದು ದಿನ ನೆನೆಯಲಿ. ಇಕ್ಕಳ ತಂದವರು ಫೀಡನ್ನು ಮುರಿದೇ ತೀರುತ್ತಾರೆ.

ಹೊರಬಂದ ಮೇಲೆ ಫೀಡಿನ ಗೀರನ್ನು ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಬ್ಲೇಡಿನಿಂದ ಕೆರೆದು ಗೀರನ್ನು ಅಗಲ ಮಾಡಬೇಡಿ, ಅಗಲವಾದ ಗೀರು ಇಂಕನ್ನು ಹಿಡಿಯುವುದಿಲ್ಲ. ನಿಬ್ಬನ್ನು ಫೀಡಿನ ಮೇಲಿಟ್ಟು ಪಕ್ಕದಿಂದ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡರ ನಡುವೆ ಬೆಳಕು ಕಂಡರೆ ಅದೇ ಸಂದು. ಫೀಡ್ ಎಬೊನೈಟಿನದಾಗಿದ್ದರೆ ಅದನ್ನು ಬಗ್ಗಿಸಿ ಕೂರಿಸಬಹುದು. ನಿಬ್ಬು, ಫೀಡ್ ಎರಡನ್ನೂ ಕತ್ತಿಗೆ ಸೇರಿಸಿ, ನಿಬ್ಬಿನ ಭಾಗ ಮಾತ್ರ ಮುಳುಗುವಂತೆ 80ರಿಂದ 90 ಡಿಗ್ರಿ ನೀರಿನಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು ಅದ್ದಿ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ ಎರಡು ಮೂರು ನಿಮಿಷ ಬಿಟ್ಟರೆ ಹೆಚ್ಚುಕಡಿಮೆ ಆ ಶಾಖಕ್ಕೆ ಬರುತ್ತದೆ. ತೆಗೆದ ಕೂಡಲೇ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಫೀಡನ್ನು ನಿಬ್ಬಿನ ಕಡೆಗೆ ಅರ್ಧ ನಿಮಿಷ ಒತ್ತಿ ಹಿಡಿದು, ಹಾಗೆಯೇ ತಣ್ಣೀರಿಗೆ ಅದ್ದಿ. ಬೆಳಕು ಕಾಣದಾಗುವವರೆಗೆ ಎರಡು ಮೂರು ಸಲ ಮಾಡಬೇಕಾಗಬಹುದು. ಬಿಸಿನೀರು ಬೇಡ ಎಂದು ಮೇಲೆ ಹೇಳಿದೆ. ಇಲ್ಲಿ ಕೆಲವೇ ಸೆಕೆಂಡು, ಅದೂ ನಿಬ್ಬಿನ ತುದಿ ಮಾತ್ರ, ಕತ್ತನ್ನು ನೀರಿನಿಂದ ಹೊರಗಿಡಿ. ಪ್ಲಾಸ್ಟಿಕ್ ಫೀಡಿಗೆ ಈ ಉಪಾಯ ಸಲ್ಲದು, ಸೊಟ್ಟಗಾಗುತ್ತದೆ.

ನಿಬ್ಬಿನ ಸೀಳನ್ನೂ ನೋಡಿ. ಗಟ್ಟಿ ಒತ್ತಿ ಬರೆಯುವ ಕೈಯಲ್ಲಿ ಎರಡು ಹಲ್ಲುಗಳು ಅಗಲವಾಗಿ ಇಂಕು ಅತಿಯಾಗಿ ಇಳಿಯುತ್ತದೆ. ಸೀಳು ಬುಡದಿಂದ ತುದಿಗೆ ಕಿರಿದಾಗುತ್ತ ಹೋಗಿ, ತುದಿಯಲ್ಲಿ ಮುಟ್ಟಿಯೂ ಮುಟ್ಟದಂತೆ ಇರಬೇಕು. ಉಕ್ಕಿನ ನಿಬ್ಬಾದರೆ ಹೊಸದನ್ನು ಹಾಕುವುದೇ ಸರಳ. ಕಾನ್ಪುರದ ಕಾನ್‌ರೈಟ್ ನಿಬ್ಬುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಹಳೆಯ ನಿಬ್ಬಿನ ಉದ್ದ ಅಳೆದು ಕೇಳಿ, ‘ಆರನೇ ನಂಬರ್’ ಎನ್ನುವುದು ಸುಮಾರು 35 ಮಿ.ಮೀ. ಉದ್ದದ್ದು. ಚಿನ್ನದ ನಿಬ್ಬಾಗಿದ್ದರೆ ಬದಲಿಸಬೇಡಿ, ಬಲ್ಲವರ ಹತ್ತಿರ ಹಲ್ಲು ಸರಿ ಮಾಡಿಸಿ.

ಬಿರುಕಿದ್ದರೆ

ಕತ್ತು ಬಿರುಕು ಬಿಟ್ಟಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ನಿಬ್ಬು ಫೀಡು ತುರುಕಿದಾಗ ಕತ್ತು ಒಳಗಿನಿಂದ ಹಿಗ್ಗುತ್ತಿರುತ್ತದೆ, ಅಂಟು ಆ ಒತ್ತಡ ತಡೆಯುವುದಿಲ್ಲ. ಹೊಸ ಕತ್ತು ಕಡೆಸಬೇಕು. ಲೇತಿನಲ್ಲಿ ಎಬೊನೈಟ್ ಪೆನ್ನು ಕಡೆಯುವವರು ರಾಜಮಂಡ್ರಿ, ಹೈದರಾಬಾದ್, ಚೆನ್ನೈ ಹತ್ತಿರದ ತಿರುವಳ್ಳೂರುಗಳಲ್ಲಿ ಈಗಲೂ ಇದ್ದಾರೆ. ಕೊಳವೆ ಮತ್ತು ನಿಬ್ಬನ್ನು ಕೊಟ್ಟರೆ ಅದಕ್ಕೆ ಹೊಂದುವ ಕತ್ತು ಮಾಡುವುದು ಅವರಿಗೆ ಕಷ್ಟದ್ದಲ್ಲ. ಕೊಳವೆಯ ಮಧ್ಯದಲ್ಲಿ ಮಾತ್ರ ಕೂದಲೆಳೆ ಬಿರುಕಿದ್ದರೆ ಎಬೊನೈಟ್ ಪುಡಿ ಮತ್ತು ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಸೇರಿಸಿ ಮುಚ್ಚಿ, ಉಜ್ಜಿ, ಪಾಲಿಶ್ ಮಾಡುತ್ತಾರೆ. ನಾನು ಅಂಟು ಒಪ್ಪುವುದು ಅಲ್ಲಿ ಮಾತ್ರ, ಅದೂ ಕೆಲಸ ಬಲ್ಲವರ ಕೈಯಲ್ಲಿ.

ರಿಪೇರಿ ಆದ ಮೇಲಿನ ಬಳಕೆ

ಇಂಕನ್ನು ಥ್ರೆಡ್ಡಿಗಿಂತ ಐದು ಮಿ.ಮೀ. ಕೆಳಗಿನವರೆಗೆ ತುಂಬಿ. ಬಾಯಿವರೆಗೆ ತುಂಬಿದರೆ ಕತ್ತು ತಿರುಗಿಸುವಾಗಲೇ ಥ್ರೆಡ್ಡಿಗೆ ಏರುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದಾಗ ಮತ್ತೆ ತುಂಬಿಬಿಡಿ. ಬರೆಯುವ ಮೊದಲು ಪೆನ್ನನ್ನು ನಿಬ್ಬು ಮೇಲಾಗಿ ಅಂಗೈಯಲ್ಲಿ ಒಂದು ನಿಮಿಷ ಹಿಡಿದರೆ ಹಿಗ್ಗಿದ ಗಾಳಿ ನಿಬ್ಬಿನಿಂದ ಹೋಗುತ್ತದೆ, ಆಮೇಲೆ ತೊಟ್ಟು ಬೀಳುವುದು ತೀರ ಕಡಿಮೆ.

ಘಟ್ಟ ಹತ್ತುವಾಗ ಜೋಪಾನ. ಮಂಗಳೂರಿನಿಂದ ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಗೆ ಹೋದರೆ ಹೊರಗಿನ ಒತ್ತಡ ಶೇಕಡ 13ರಷ್ಟು ಇಳಿಯುತ್ತದೆ. ಪೆನ್ನಿನಲ್ಲಿ 2 ಮಿ.ಲೀ. ಗಾಳಿ ಇದ್ದರೆ 0.3 ಮಿ.ಲೀ., ಅಂದರೆ ಆರು ತೊಟ್ಟು ಇಂಕನ್ನು ಅದು ದೂಡಬಲ್ಲದು. ಅಂಗಿ ಜೇಬಿಗೆ ಅಷ್ಟು ಸಾಕು. ವಿಮಾನದಲ್ಲಿ ಇದರ ಎರಡರಷ್ಟು. ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಾಗಿ ಒಯ್ಯಿರಿ.

ಇಂಕು ಬೆಂಗಳೂರಿನ ಬ್ರಿಲ್ ಆಗಲಿ, ಕ್ಯಾಮೆಲ್ ಆಗಲಿ, ಫೌಂಟನ್ ಪೆನ್ನಿನದೇ ಇರಲಿ. ಚಿತ್ರ ಬರೆಯುವ ಡ್ರಾಯಿಂಗ್ ಇಂಕು, ಸ್ಟಾಂಪ್ ಪ್ಯಾಡಿನ ಇಂಕು ಹಾಕಿದರೆ ಫೀಡ್ ಕಟ್ಟಿಕೊಂಡು ಹೋಗುತ್ತದೆ. ಗಟ್ಟಿಯಾಯಿತೆಂದು ಇಂಕಿಗೆ ನೀರು ಬೆರೆಸಿ ಬಾಟಲಿಯಲ್ಲಿಡುವುದೂ ಬೇಡ, ಬೂಸು ಹಿಡಿಯುತ್ತದೆ.

ಹೀರೋ ಪೆನ್ನು

ಕೊಳವೆ ಬಿಚ್ಚಿದರೆ ಲೋಹದ ಕವಚ, ಅದರಲ್ಲಿ ಒತ್ತುವ ಪಟ್ಟಿ, ಒಳಗೆ ಮೆತ್ತನೆಯ ಚೀಲ ಇರುತ್ತದೆ. ಕವಚದ ಸಮೇತ ಇಡೀ ಮುಂಭಾಗವನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಪಟ್ಟಿಯನ್ನು ನಿಧಾನವಾಗಿ ಒತ್ತಿ. ಗುಳ್ಳೆ ನಿಬ್ಬಿನಿಂದ ಬಂದರೆ ಚೀಲ ಸರಿಯಿದೆ, ಚೀಲದೊಳಗಿನ ತೆಳು ಕೊಳವೆ ಕಟ್ಟಿಕೊಂಡಿದೆ ಇಲ್ಲವೇ ಜಾರಿದೆ. ಗುಳ್ಳೆ ಕವಚದ ಒಳಗಿನಿಂದ ಬಂದರೆ ಚೀಲ ತೂತಾಗಿದೆ. ನಿಬ್ಬು ಮುಚ್ಚಿರುವ ಹುಡ್ ಮತ್ತು ಲೋಹದ ಉಂಗುರದ ನಡುವಿನಿಂದ ಬಂದರೆ ಅಲ್ಲಿನ ಅರಗು ಬಿಟ್ಟುಹೋಗಿದೆ.

ಚೀಲ ಬದಲಿಸಲು ಕವಚವನ್ನು ನೇರವಾಗಿ ಎಳೆದು ತೆಗೆಯಿರಿ. ಹಳೆಯ ಚೀಲ ಕೂತಿದ್ದ ಸಣ್ಣ ತುದಿಯನ್ನು ಉಗುರಿನಿಂದ ಕೆರೆದು ಚೊಕ್ಕಟ ಮಾಡಿ, ಅಳತೆ ತೆಗೆಯಿರಿ. ರಬ್ಬರ್ ಚೀಲದ ನಂಬರ್ ಎಂದರೆ ಇಂಚಿನ ಅರವತ್ತನಾಲ್ಕನೇ ಭಾಗಗಳ ಲೆಕ್ಕ. 16ನೇ ನಂಬರ್ ಅಂದರೆ ಕಾಲಿಂಚು, 6.35 ಮಿ.ಮೀ. ಚೀಲವನ್ನು ಕವಚದ ಒಳ ಉದ್ದಕ್ಕಿಂತ ಎರಡು ಮಿ.ಮೀ. ಗಿಡ್ಡವಾಗಿ ಕತ್ತರಿಸಿ. ಅಂಟಿಸಲು ಬಡಗಿಗಳು ಪಾಲಿಶ್‌ಗೆ ಬಳಸುವ ಅರಗಿನ ಹಾಳೆ ಒಂದು ಪಾಲು, ಪಾಲಿಶ್ ಸ್ಪಿರಿಟ್ ಎರಡರಿಂದ ಮೂರು ಪಾಲು, ಒಂದು ರಾತ್ರಿ ನೆನೆಸಿಟ್ಟರೆ ಜೇನಿನ ಹದಕ್ಕೆ ಬರುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅರಗೇ ಇದು, ಶುದ್ಧ ಮಾಡಿದ ರೂಪ. ಇಂಕಿನ ನೀರಿಗೆ ಕರಗುವುದಿಲ್ಲ, ಬೇಕೆಂದಾಗ ಬೆಚ್ಚಗೆ ಮಾಡಿದರೆ ಬಿಡುತ್ತದೆ. ಮುಂದೆ ಯಾರಾದರೂ ಮತ್ತೆ ಬಿಚ್ಚಬಹುದು ಎಂಬ ಕಾರಣಕ್ಕೇ ಪೆನ್ನು ರಿಪೇರಿಯವರು ಚೀಲಕ್ಕೆ ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ. ಆ ತುದಿಗೆ ತೆಳ್ಳಗೆ ಬಳಿದು, ಚೀಲ ಏರಿಸಿ, ಇಡೀ ದಿನ ಒಣಗಲು ಬಿಡಿ. ಒಳಗಿನ ತೆಳು ಕೊಳವೆ ಕಳೆದುಹೋಗದಂತೆ ನೋಡಿಕೊಳ್ಳಿ, ಅದಿಲ್ಲದಿದ್ದರೆ ಚೀಲ ಪೂರ್ತಿ ತುಂಬುವುದಿಲ್ಲ.

ಹುಡ್ ಬಿಚ್ಚಬೇಕಾದರೆ ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ತಿರುಗಿಸುತ್ತ ಬೆಚ್ಚಗೆ ಮಾಡಿ. ಮುಟ್ಟಿದರೆ ಬಿಸಿ ಎನಿಸಬೇಕು, ಕೈ ಸುಡಬಾರದು. ರಬ್ಬರ್ ತುಂಡಿನಿಂದ ಹಿಡಿದು ತಿರುಗಿಸಿ ನೋಡಿ, ಎಳೆಯಬೇಡಿ. ಮತ್ತೆ ಕೂರಿಸುವಾಗ ಥ್ರೆಡ್ಡಿಗೆ ಅದೇ ಅರಗು, ನಿಬ್ಬಿನ ತುದಿ ಹುಡ್ಡಿನ ಚೂಪು ತುದಿಗೆ ನೇರವಾಗಿ ಬರಬೇಕು. ಹಳೆಯ ಪಾರ್ಕರ್ 51 ಸಹ ಇದೇ ಜಾತಿಯದು. ಆದರೆ ಅದರ ಮೇಲೆ ಕೈ ಪಳಗಿಸಿಕೊಳ್ಳಬೇಡಿ, ಬಲ್ಲವರಿಗೆ ಕೊಡಿ.

ಕನ್ವರ್ಟರ್ (ಬಿಚ್ಚಿ ತೆಗೆಯಬಹುದಾದ ಇಂಕಿನ ಕೊಳವೆ) ಹಾಕುವ ಈಗಿನ ಪೆನ್ನು ಮನೆಯಲ್ಲಿದ್ದು ಅದೂ ಸೋರುತ್ತಿದ್ದರೆ ಹೆಚ್ಚಿನ ಸಲ ಕನ್ವರ್ಟರಿನ ಬಾಯಿ ಸಡಿಲವಾಗಿರುತ್ತದೆ, ಹೊಸದು ಹಾಕಿ. ಎಲ್ಲ ಕಂಪನಿಗೂ ಒಂದೇ ಬಾಯಿ ಇರುವುದಿಲ್ಲ, ಪೆನ್ನನ್ನು ಅಂಗಡಿಗೆ ಒಯ್ದೇ ಕೊಳ್ಳಿ.

ಖರ್ಚು

ಕೆಳಗಿನವು ಅಂದಾಜು ದರ, ಊರು ಮತ್ತು ಕೆಲಸಗಾರರನ್ನು ನೋಡಿ ಹೆಚ್ಚುಕಡಿಮೆ ಆಗುತ್ತವೆ. ಮನೆಯಲ್ಲೇ ಮಾಡುವುದಾದರೆ ಗ್ರೀಸಿಗೆ ₹100ರಿಂದ 200 (ವರ್ಷಗಟ್ಟಲೆ ಬರುತ್ತದೆ), ರಬ್ಬರ್ ಬಲ್ಬಿಗೆ ₹50ರಿಂದ 100, ಓ-ರಿಂಗಿಗೆ ಐದೋ ಹತ್ತೋ ರೂಪಾಯಿ. ಉಕ್ಕಿನ ನಿಬ್ಬು ಬೇಕಾದರೆ ₹100ರಿಂದ 250. ರಬ್ಬರ್ ಚೀಲಕ್ಕೆ ₹50ರಿಂದ 150, ಅದಕ್ಕಿಂತ ಕೊರಿಯರ್ ದುಡ್ಡೇ ಹೆಚ್ಚಾಗುವುದೂ ಉಂಟು. ಅಂಗಡಿಯಲ್ಲಿ ಮಾಡಿಸಿದರೆ ತೊಳೆದು ಗ್ರೀಸು ಹಚ್ಚಿ ನಿಬ್ಬು ಕೂರಿಸಲು ₹100ರಿಂದ 300, ಚೀಲ ಬದಲಿಸಲು ₹200ರಿಂದ 500. ಹೊಸ ಕತ್ತು ಕಡೆಸಲು ₹500ರಿಂದ 1,000, ಹೋಗಿ ಬರುವ ಅಂಚೆ ಬೇರೆ. ಪಾರ್ಕರ್ 51ರಂಥದ್ದನ್ನು ಪೂರ್ತಿ ಬಿಚ್ಚಿ ಸರಿ ಮಾಡಿಸಲು ಸಾವಿರದ ಮೇಲೆಯೇ ಹಿಡಿಯಿರಿ.

ಹಾಗಾಗಿ ನಿಮ್ಮ ಡ್ರಾಪರ್ ಪೆನ್ನಿಗೆ ಮೊದಲು ಗ್ರೀಸು ಮತ್ತು ನೀರಿನ ಪರೀಕ್ಷೆ. ಕತ್ತು ಬಿರುಕು ಬಿಟ್ಟಿದ್ದರೂ ಸಾವಿರ ರೂಪಾಯಿ ಹಾಕಲು ಯೋಗ್ಯವಾದ ಪೆನ್ನು ಅದು, ಈಗ ಕೈಯಲ್ಲಿ ಕಡೆದ ಹೊಸ ಎಬೊನೈಟ್ ಪೆನ್ನಿಗೆ ಅದಕ್ಕಿಂತ ಹೆಚ್ಚೇ ಆದೀತು. ಹೀರೋಗೆ ಮಾತ್ರ ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ. ಅದೇ ಬಗೆಯ ಹೊಸದು ರಿಪೇರಿಗಿಂತ ಅಗ್ಗಕ್ಕೆ ಸಿಗುತ್ತದೆ. ತಂದೆಯವರದ್ದೆಂದು ಉಳಿಸಿಕೊಳ್ಳುವುದಾದರೆ ಚೀಲ ನೀವೇ ಬದಲಿಸಿ. ಹುಡ್ ಸಹ ಬಿಟ್ಟಿದ್ದರೆ, ಅಗ್ಗದ ಹೊಸ ಹೀರೋ ಒಂದನ್ನು ಕೊಂಡು ಅದರ ಚೀಲ, ಫೀಡುಗಳು ಹೊಂದುತ್ತವೆಯೋ ನೋಡುವುದು ಕಡಿಮೆ ಖರ್ಚಿನ ದಾರಿ.

ಬೇರೆಯವರಿಗೆ ಕೊಡುವಾಗ ಇಂಕು ಪೂರ್ತಿ ಖಾಲಿ ಮಾಡಿ, ಒಣಗಿಸಿ, ಗಟ್ಟಿ ಪ್ಲಾಸ್ಟಿಕ್ ಪೈಪಿನ ತುಂಡಿನಲ್ಲಿ ಹತ್ತಿ ತುರುಕಿ ಕಳಿಸಿ. ಯಾವ ಅಂಟು ಬಳಸುತ್ತೀರಿ, ಬದಲಿಸಿದ ಹಳೆಯ ಭಾಗ ವಾಪಸ್ ಕೊಡುತ್ತೀರಾ, ದರ ಮೊದಲೇ ಹೇಳುತ್ತೀರಾ ಎಂದು ಕೇಳಿ. ನಿಬ್ಬಿನ ಮೇಲೆ 14 ಕ್ಯಾರೆಟ್ ಗುರುತು ಅಥವಾ 585 ಎಂದಿದ್ದರೆ ಅದು ಚಿನ್ನದ್ದಾಗಿರುವ ಸಾಧ್ಯತೆ ಹೆಚ್ಚು. ಕೊಡುವ ಮೊದಲು ಆ ಅಕ್ಷರಗಳು ಕಾಣುವಂತೆ ಹತ್ತಿರದಿಂದ ಫೋಟೊ ತೆಗೆದು, ರಸೀದಿಯಲ್ಲೂ ‘ಚಿನ್ನದ ನಿಬ್ಬು’ ಎಂದು ಬರೆಸಿಕೊಳ್ಳಿ.